ಚೈನ್‌ಸಾ ಮುಚ್ಚಳ ಕೂರುತ್ತಿಲ್ಲವೇ, ಆಯಿಲ್ ಸೋರುತ್ತಿದೆಯೇ?

[ದೃಶ್ಯ: ಹಳೆಯ ದಿನಪತ್ರಿಕೆಯ ಮೇಲೆ ಚೈನ್‌ಸಾ ಇದೆ. ಅದರ ಅಡಿಯಲ್ಲಿ ಅಂಗೈಯಗಲದ ಎಣ್ಣೆ ಕಲೆ ಕಾಣುತ್ತದೆ.]

ನಮಸ್ಕಾರ. ಎರಡು ಮಳೆಗಾಲದ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ, ನಮ್ಮ ಕಾಫಿ ತೋಟದ ರಸ್ತೆಗೆ ಅಡ್ಡಲಾಗಿ ಸಿಲ್ವರ್ ಓಕ್ ಮರವೊಂದು ಉರುಳಿ ಬಿದ್ದಿತ್ತು. ಹಾಲಿನ ವ್ಯಾನು ಆ ಕಡೆ, ಶಾಲೆಯ ಮಕ್ಕಳಿದ್ದ ಜೀಪು ಈ ಕಡೆ ನಿಂತಿದ್ದವು. ನಾನು ಸುರಿಯುವ ಮಳೆಯಲ್ಲೇ ಅವಸರದಿಂದ ಮರ ಕೊಯ್ಯುವ ಚೈನ್‌ಸಾದ ಎರಡೂ ಟ್ಯಾಂಕುಗಳನ್ನು ತುಂಬಿಸಿ, ಮುಚ್ಚಳ ತಿರುಗಿಸಿ, ಮೆಷಿನ್ ಎತ್ತಿಕೊಂಡು ಹೊರಟೆ. ಎರಡು ಹೆಜ್ಜೆ ಇಡುವುದರೊಳಗೆ ಆಯಿಲ್ ಟ್ಯಾಂಕಿನ ಮುಚ್ಚಳ ಕಳಚಿ, ಹೆಚ್ಚುಕಡಿಮೆ ಕಾಲು ಲೀಟರ್ ಚೈನ್ ಆಯಿಲ್ ನನ್ನ ಪ್ಯಾಂಟಿನ ಮೇಲೆ ಇಳಿಯಿತು. ಕಳಚಿದ್ದು ಪೆಟ್ರೋಲಿನ ಮುಚ್ಚಳವಾಗಿದ್ದರೆ ತೊಡೆಯ ಚರ್ಮ ಉರಿದುಹೋಗುತ್ತಿತ್ತು. ಮೆಷಿನ್ ಬಿಸಿಯಾಗಿಯೂ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆಸಿಕೊಳ್ಳುವುದೂ ಬೇಡ.

ಮುಚ್ಚಳ ಹಾಳಾಗಿದೆ ಎಂದೇ ನಾನು ಅಂದುಕೊಂಡಿದ್ದೆ. ಆದರೆ ಮುಚ್ಚಳ ಸರಿಯಾಗಿಯೇ ಇತ್ತು, ಅದನ್ನು ಕೂರಿಸಿದ ರೀತಿ ತಪ್ಪಾಗಿತ್ತು. ಮುಚ್ಚಳ ಕೂರದಿದ್ದಾಗ ನಾವು ಬಲ ಹಾಕುತ್ತೇವೆ, ಸೋರಿದಾಗ ಹೊಸದನ್ನು ಕೊಳ್ಳುತ್ತೇವೆ. ಈ ಎರಡಕ್ಕೂ ಮೊದಲು ನೋಡಬೇಕಾದ ಸಂಗತಿಗಳು ಬೇರೆಯೇ ಇವೆ.

[ದೃಶ್ಯ: ಬಾರಿನ (ಚೈನ್ ಸುತ್ತುವ ಉದ್ದನೆಯ ಪಟ್ಟಿಯ) ಕಡೆ ಕೆಳಗಾಗಿ, ಮುಚ್ಚಳಗಳು ಮೇಲಾಗಿ ಮಲಗಿಸಿದ ಮೆಷಿನ್. ಬೆರಳು ಮೊದಲು ಮುಂದಿನ ಮುಚ್ಚಳವನ್ನು, ಆಮೇಲೆ ಹಿಂದಿನದನ್ನು ತೋರಿಸುತ್ತದೆ.]

ಬಹುತೇಕ ಮೆಷಿನ್‌ಗಳಲ್ಲಿ ಬಾರಿಗೆ ಹತ್ತಿರವಿರುವ ಮುಂದಿನ ಟ್ಯಾಂಕು ಚೈನ್ ಆಯಿಲ್‌ಗೆ, ಹಿಡಿಕೆಯ ಕಡೆಗಿರುವ ಹಿಂದಿನದು ಎಂಜಿನ್ ಸವೆಯದಂತೆ ಕಾಯುವ ಟು-ಟಿ ಆಯಿಲ್ ಬೆರೆಸಿದ ಪೆಟ್ರೋಲಿಗೆ ಮೀಸಲು. ಮುಚ್ಚಳಗಳಲ್ಲಿ ಎರಡು ಬಗೆಗಳಿವೆ. ಒಂದು, ಬಾಟಲಿಯ ಬಿರಡೆಯಂತೆ ಥ್ರೆಡ್ ಇರುವ, ನೆತ್ತಿಯಲ್ಲಿ ಗೀರು ಇರುವ ಹಳೆಯ ಬಗೆ. ಇನ್ನೊಂದು, ಯಾವ ಪಾನವೂ (ಸ್ಪ್ಯಾನರ್) ಬೇಡದ, ಮೇಲಿನ ಕಿವಿಯನ್ನು ಎತ್ತಿ ಕಾಲು ಸುತ್ತು ತಿರುಗಿಸಿದರೆ ತೆರೆದುಕೊಳ್ಳುವ ಹೊಸ ಬಗೆ. ಜನರ ಬೈಗುಳವನ್ನು ಹೆಚ್ಚು ತಿನ್ನುವುದು ಈ ಎರಡನೆಯದೇ ಆದ್ದರಿಂದ ಅದನ್ನೇ ಮೊದಲು ಬಿಡಿಸಿ ನೋಡೋಣ.

ಕಿವಿಯ ಮುಚ್ಚಳ ಒಂದೇ ತುಂಡಿನಂತೆ ಕಂಡರೂ ಅದರಲ್ಲಿ ಎರಡು ಭಾಗಗಳಿವೆ: ನಮ್ಮ ಕೈಗೆ ಸಿಗುವ ಮೇಲ್ಭಾಗ ಮತ್ತು ಟ್ಯಾಂಕಿನ ಬಾಯೊಳಗೆ ಇಳಿದು ಕಚ್ಚಿಕೊಳ್ಳುವ ತಳಭಾಗ. ಈ ಎರಡೂ ಒಂದಕ್ಕೊಂದು ಸ್ವಲ್ಪ ತಿರುಗಬಲ್ಲವು. ಮುಚ್ಚಳ ಕೈಜಾರಿ ಬಿದ್ದಾಗ, ಅಥವಾ ಮುಚ್ಚಳದ ಮೇಲಿನ ಗುರುತನ್ನು ಟ್ಯಾಂಕಿನ ಬಾಯಿಯ ಗುರುತಿಗೆ ಹೊಂದಿಸದೆ ಬಲವಂತವಾಗಿ ತಿರುಗಿಸಿದಾಗ, ತಳಭಾಗ ತನ್ನ ಜಾಗ ಬಿಟ್ಟು ಹೊರಳಿಕೊಳ್ಳುತ್ತದೆ. ಆಮೇಲೆ ನೀವು ಎಷ್ಟೇ ಒತ್ತಿ ತಿರುಗಿಸಿದರೂ ಅದು ಕೂರುವುದಿಲ್ಲ. ಇನ್ನೂ ಕೆಟ್ಟದೆಂದರೆ, ಕೂತಂತೆ ನಟಿಸಿ ಮೆಷಿನ್ ಎತ್ತಿದ ಕೂಡಲೇ ಕಳಚಿಕೊಳ್ಳುತ್ತದೆ. ಆ ದಿನ ನನ್ನ ಪ್ಯಾಂಟಿನ ಮೇಲೆ ನಡೆದದ್ದು ಇದೇ.

[ದೃಶ್ಯ: ಮುಚ್ಚಳದ ಹತ್ತಿರದ ಚಿತ್ರ. ಒಳಗಿನ ಗುರುತು ಮತ್ತು ಹೊರಗಿನ ಗುರುತು ಒಂದೇ ಗೆರೆಯಲ್ಲಿ ನಿಂತಿವೆ.]

ಇದಕ್ಕೆ ಪರಿಹಾರ ಅರ್ಧ ನಿಮಿಷದ್ದು, ಚೈನ್‌ಸಾ ತಯಾರಿಸುವ ಸ್ಟಿಲ್ ಕಂಪನಿಯ ಕೈಪಿಡಿಯಲ್ಲಿಯೇ ಅದನ್ನು ಬರೆದಿದ್ದಾರೆ. ಮುಚ್ಚಳವನ್ನು ಹೊರತೆಗೆದು ಮೇಲಿನಿಂದ ನೋಡಿರಿ. ಮುಚ್ಚಳದಲ್ಲಿರುವ ಒಳಗಿನ ಗುರುತು ಅದರದೇ ಹೊರಗಿನ ಗುರುತಿನೊಂದಿಗೆ ಒಂದೇ ಗೆರೆಯಲ್ಲಿದ್ದರೆ ತಳಭಾಗ ಹೊರಳಿದೆ ಎಂದು ಅರ್ಥ. ಸರಿಯಾಗಿರುವಾಗ ಒಳಗಿನ ಗುರುತು ಕಿವಿಯ ಅಡಿಯಲ್ಲಿ ಅಡಗಿರುತ್ತದೆ. ಹೊರಳಿದ್ದರೆ ಮುಚ್ಚಳವನ್ನು ಟ್ಯಾಂಕಿನ ಬಾಯಿಯಲ್ಲಿ ಇಟ್ಟು, ಒತ್ತಡ ಹಾಕದೆ, ಬಿಚ್ಚುವ ದಿಕ್ಕಿಗೇ, ಅಂದರೆ ಎಡಕ್ಕೆ ತಿರುಗಿಸುತ್ತ ಹೋಗಿರಿ. ಒಂದು ಕಡೆ ಅದು ಬಾಯಿಯ ಕಚ್ಚಿನೊಳಗೆ ಇಳಿದು ಕೂರುತ್ತದೆ. ಅಲ್ಲಿಗೆ ನಿಲ್ಲಿಸದೆ ಇನ್ನೂ ಕಾಲು ಸುತ್ತು ಎಡಕ್ಕೇ ತಿರುಗಿಸಿದರೆ ತಳಭಾಗ ತನ್ನ ಜಾಗಕ್ಕೆ ಮರಳುತ್ತದೆ. ಈಗ ಬಲಕ್ಕೆ ತಿರುಗಿಸಿರಿ, ಮುಚ್ಚಳ ಕಚ್ಚಿಕೊಳ್ಳುತ್ತದೆ, ಕಿವಿಯನ್ನು ಮಡಚಿರಿ. ಮುಚ್ಚುವುದಕ್ಕೆ ಮೊದಲು ಬಿಚ್ಚುವ ಕಡೆಗೆ ತಿರುಗಿಸಬೇಕೆಂಬುದು ಯಾರಿಗೂ ತಾನಾಗಿ ಹೊಳೆಯುವ ಮಾತಲ್ಲ, ಆದ್ದರಿಂದ ಕೈಪಿಡಿ ಓದದವರನ್ನು ನಾನು ದೂರುವುದಿಲ್ಲ. ನಾನೂ ಓದಿರಲಿಲ್ಲ.

ಮುಚ್ಚಿದ ಮೇಲೆ ಎರಡು ಪರೀಕ್ಷೆಗಳನ್ನು ಮಾಡಿರಿ. ಕಿವಿ ಮುಚ್ಚಳದ ಮಟ್ಟಕ್ಕೆ ಪೂರ್ತಿ ಮಡಚಿಕೊಳ್ಳಬೇಕು; ಕೂದಲೆಳೆಯಷ್ಟು ಎದ್ದು ನಿಂತಿದ್ದರೂ ಮುಚ್ಚಳ ಕೂತಿಲ್ಲ. ಆಮೇಲೆ ಬೆರಳುಗಳಿಂದ ಅದನ್ನು ಮೇಲಕ್ಕೆ ಎಳೆದು, ಅಲ್ಲಾಡಿಸಿ ನೋಡಬೇಕು. ಮಳೆಯಲ್ಲಿ, ಕೈಗವಸು ಹಾಕಿಕೊಂಡು, ಹತ್ತು ಜನ ಕಾಯುತ್ತಿರುವಾಗಲೂ ಈ ಎಳೆದು ನೋಡುವ ಕೆಲಸವನ್ನು ಬಿಡಬಾರದು.

ಥ್ರೆಡ್ ಇರುವ ಮುಚ್ಚಳದ ಕಷ್ಟ ಬೇರೆ. ಅಲ್ಲಿ ತಪ್ಪು ಕೋನದಲ್ಲಿ ಶುರುವಾದ ಥ್ರೆಡ್ಡನ್ನು ಪಾನ ಹಾಕಿ ಬಿಗಿಯುವುದರಿಂದ ಪ್ಲಾಸ್ಟಿಕ್ ತಿಂದುಹೋಗುತ್ತದೆ. ಮೊದಲು ಎಡಕ್ಕೆ ತಿರುಗಿಸಿ, 'ಟಕ್' ಎಂದು ಥ್ರೆಡ್ ಕೆಳಗೆ ಬಿದ್ದ ಮೇಲೆ ಬಲಕ್ಕೆ ತಿರುಗಿಸಿದರೆ ಸಾಕು, ಕೈಯಿಂದಲೇ ಬಿಗಿಯಾಗುತ್ತದೆ. ಪಾನ ಇರುವುದು ಬಿಚ್ಚುವುದಕ್ಕೆ ಎಂದೇ ತಿಳಿದುಕೊಳ್ಳಿರಿ.

ಇನ್ನು ಎರಡೂ ಬಗೆಗಳಿಗೆ ಸಮಾನವಾದ ಶತ್ರುವೆಂದರೆ ಮರದ ಹೊಟ್ಟು. ಮರಗಸಿಯ (ತೋಟದ ನೆರಳಿನ ಮರಗಳ ಕೊಂಬೆ ಸವರುವ) ಕಾಲದಲ್ಲಿ ದಿನವಿಡೀ ಕೊಯ್ದ ಮೆಷಿನ್‌ನ ಮುಚ್ಚಳದ ಸುತ್ತ ಆಯಿಲ್ ಮತ್ತು ಹೊಟ್ಟು ಬೆರೆತು ಮೇಣದಂತೆ ಅಂಟಿರುತ್ತದೆ. ಹಾಗೆಯೇ ತೆರೆದರೆ ಅದರಲ್ಲಿ ಅರ್ಧ ಟ್ಯಾಂಕಿಗೆ ಬೀಳುತ್ತದೆ, ಉಳಿದರ್ಧ ರಬ್ಬರ್ ರಿಂಗಿನ ಅಡಿಯಲ್ಲಿ ಸೇರಿ ಸೋರಿಕೆಗೆ ದಾರಿ ಮಾಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಜೊತೆಗಿಟ್ಟುಕೊಂಡು, ತೆರೆಯುವ ಮೊದಲು ಸುತ್ತಲೂ ಉಜ್ಜಿರಿ. ಮುಚ್ಚಳ ಕಳೆದುಹೋಗದಂತೆ ಒಳಗೆ ಕಟ್ಟಿರುವ ದಾರವನ್ನೂ ನೋಡಿಕೊಳ್ಳಿರಿ. ಅದು ಮಡಚಿ ರಿಂಗಿನ ಮೇಲೆ ಬಂದು ಕೂತರೆ, ಎಲ್ಲವೂ ಸರಿಯಿದ್ದರೂ ಸೋರುತ್ತಲೇ ಇರುತ್ತದೆ.

[ದೃಶ್ಯ: ಬೆರಳುಗಳ ನಡುವೆ ಎರಡು ರಿಂಗುಗಳು. ಒಂದು ಮೆದುವಾಗಿ ದುಂಡಗಿದೆ. ಇನ್ನೊಂದು ಊದಿಕೊಂಡು ಅಲೆಯಲೆಯಾಗಿದೆ.]

ಈಗ ರಬ್ಬರ್ ರಿಂಗಿನ ವಿಷಯ. ಪೆಟ್ರೋಲ್ ಮುಚ್ಚಳ ಮೊದಲಿನಂತೆ ಸುಲಭವಾಗಿ ತಿರುಗುತ್ತಿಲ್ಲ ಎಂದಾದರೆ ರಿಂಗ್ ಊದಿಕೊಂಡಿರಬಹುದು. ಶೇಕಡಾ 20 ಎಥನಾಲ್ ಬೆರೆಸಿದ ಇ-20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಚಾಲನೆ ಸಿಕ್ಕಿತು, ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಬಹುಮಟ್ಟಿಗೆ ಅದೇ. ಆದರೆ ಕೈಯಲ್ಲಿ ಹಿಡಿಯುವ ಇಂತಹ ಅನೇಕ ಮೆಷಿನ್‌ಗಳ ಕೈಪಿಡಿಗಳು ಎಥನಾಲ್‌ಗೆ ಶೇಕಡಾ 10ರ ಮಿತಿಯನ್ನು ಹಾಕಿವೆ. ಎಥನಾಲ್ ಕೆಲವು ಬಗೆಯ ರಬ್ಬರನ್ನು ಊದಿಸುತ್ತದೆ. ಟ್ಯಾಂಕು ಖಾಲಿಯಾಗಿ ಒಣಗಿದಾಗ ಅದೇ ರಬ್ಬರ್ ಕುಗ್ಗಿ ಗಡುಸಾಗುತ್ತದೆ. ಊದಿದಾಗ ಮುಚ್ಚಳ ಕೂರುವುದಿಲ್ಲ, ಕುಗ್ಗಿದಾಗ ಸೋರುತ್ತದೆ. ನಿಮ್ಮ ಮೆಷಿನ್‌ನ ಕೈಪಿಡಿಯಲ್ಲಿ ಯಾವ ಮಿತಿ ಇದೆ ಎಂಬುದನ್ನು ಒಮ್ಮೆ ನೋಡಿಕೊಳ್ಳಿರಿ, ಮತ್ತು ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡಬೇಡಿರಿ. ಎಥನಾಲ್ ಗಾಳಿಯ ತೇವವನ್ನು ಹೀರುವುದರಿಂದ, ಮಲೆನಾಡಿನ ಮಳೆಗಾಲದಲ್ಲಿ ಕ್ಯಾನಿನ ತಳದಲ್ಲಿ ನೀರು ಮತ್ತು ಎಥನಾಲ್ ಬೇರೆಯಾಗಿ ನಿಲ್ಲುವುದುಂಟು. ಅದರಲ್ಲಿ ಟು-ಟಿ ಆಯಿಲ್ ಇರುವುದಿಲ್ಲವಾದ್ದರಿಂದ ಅದು ಎಂಜಿನ್‌ಗೆ ಹೋದರೆ ನಷ್ಟ ಮುಚ್ಚಳದ ಬೆಲೆಯಲ್ಲಿ ಮುಗಿಯುವುದಿಲ್ಲ.

ರಿಂಗ್ ಚೆನ್ನಾಗಿದ್ದರೆ ಅದನ್ನು ಒರೆಸಿ, ಪೆಟ್ರೋಲ್ ಮುಚ್ಚಳದ್ದಕ್ಕೆ ಒಂದು ಹನಿ ಟು-ಟಿ ಆಯಿಲ್, ಆಯಿಲ್ ಮುಚ್ಚಳದ್ದಕ್ಕೆ ಒಂದು ಹನಿ ಚೈನ್ ಆಯಿಲ್ ಸವರಿ ಕೂರಿಸಿರಿ. ಬಿರುಕು ಬಿಟ್ಟಿದ್ದರೆ ಬದಲಾಯಿಸುವುದೊಂದೇ ದಾರಿ.

[ದೃಶ್ಯ: ಶೆಡ್ಡಿನ ಕಪಾಟಿನಲ್ಲಿ ಚೈನ್‌ಸಾ. ಬಾರಿನ ತುದಿಯಿಂದ ಒಂದು ಹನಿ ತೊಟ್ಟಿಕ್ಕುತ್ತದೆ.]

ಇಷ್ಟೆಲ್ಲ ಮಾಡಿಯೂ ಬೆಳಿಗ್ಗೆ ಮೆಷಿನ್‌ನ ಅಡಿಯಲ್ಲಿ ಕಲೆ ಇದ್ದರೆ, ಅದು ಮುಚ್ಚಳದ್ದೇ ಎಂದು ತೀರ್ಮಾನಿಸಬೇಡಿರಿ. ಕೊಯ್ದು ನಿಲ್ಲಿಸಿದಾಗ ಬಾರಿನ ಕಾಲುವೆಯಲ್ಲಿ, ಚೈನಿನ ಕೊಂಡಿಗಳಲ್ಲಿ, ಕ್ಲಚ್ ಕವರಿನ ಒಳಗೆ ಆಯಿಲ್ ಉಳಿದಿರುತ್ತದೆ. ರಾತ್ರಿಯೆಲ್ಲ ಅದು ನಿಧಾನವಾಗಿ ಇಳಿಯುತ್ತದೆ. ಒಂದು ಅಂಗೈಯಷ್ಟು ಕಲೆ ಸಹಜ. ಟ್ಯಾಂಕೇ ಖಾಲಿಯಾಗಿದ್ದರೆ ಮಾತ್ರ ಅದು ರೋಗ. ಬಿಸಿಲಿಗೆ ಟ್ಯಾಂಕು ಕಾದಾಗ ಒಳಗಿನ ಗಾಳಿ ಹಿಗ್ಗಿ ಆಯಿಲನ್ನು ಪಂಪಿನ ಮೂಲಕ ಹೊರಗೆ ತಳ್ಳುವುದೂ ಉಂಟು. ಹೆಚ್ಚು ದಿನ ಬಳಸದೆ ಇಡುವುದಾದರೆ ಎರಡೂ ಟ್ಯಾಂಕುಗಳನ್ನು ಖಾಲಿ ಮಾಡಿಯೇ ಇಡಿರಿ.

ಸೋರುವ ಜಾಗವನ್ನು ಹಿಡಿಯಲು ನಾನು ಮಾಡುವುದು ಹೀಗೆ. ಮೆಷಿನ್ನನ್ನು ಪೂರ್ತಿ ಒರೆಸಿ ಒಣಗಿಸಿ, ಮುಚ್ಚಳದ ಸುತ್ತ ಮಗುವಿಗೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ಮುಚ್ಚಳ ಕೆಳಗಾಗುವಂತೆ ದಿನಪತ್ರಿಕೆಯ ಮೇಲೆ ಒಂದು ಗಂಟೆ ಮಲಗಿಸುತ್ತೇನೆ. ಮುಚ್ಚಳ ಸೋರಿದರೆ ಬಿಳಿ ಪೌಡರಿನಲ್ಲಿ ಕಪ್ಪು ಗೆರೆಯೊಂದು ಅದರ ಅಂಚಿನಿಂದಲೇ ಹೊರಡುತ್ತದೆ. ಪೌಡರ್ ಒಣಗಿದ್ದು ಪತ್ರಿಕೆ ಮಾತ್ರ ಒದ್ದೆಯಾಗಿದ್ದರೆ ಕಳ್ಳ ಬೇರೆ ಕಡೆ ಇದ್ದಾನೆ: ಆಯಿಲ್ ಕೊಳವೆ, ಪೆಟ್ರೋಲ್ ಕೊಳವೆ ಟ್ಯಾಂಕಿನಿಂದ ಹೊರಬರುವಲ್ಲಿನ ರಬ್ಬರ್, ಟ್ಯಾಂಕಿನ ಬ್ರೀದರ್, ಇಲ್ಲವೇ ಟ್ಯಾಂಕಿನ ಬಿರುಕು. ಅಲ್ಲಿಂದ ಮುಂದಿನದು ಮೆಕ್ಯಾನಿಕ್ಕಿನ ಕೆಲಸ.

ಬ್ರೀದರ್ ಎಂದರೆ ಟ್ಯಾಂಕಿಗೆ ಗಾಳಿ ಎಳೆದುಕೊಳ್ಳುವ ಸಣ್ಣ ಕಿಂಡಿ. ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ, ಹತ್ತು ನಿಮಿಷ ಚೆನ್ನಾಗಿ ಓಡಿದ ಮೆಷಿನ್ ಉಸಿರುಕಟ್ಟಿದಂತೆ ನಿಲ್ಲುತ್ತದೆ, ಮತ್ತು ತಣ್ಣಗಾದ ಮೇಲೆ ಮುಚ್ಚಳ ತೆರೆದಾಗ 'ಸುಯ್' ಎಂದು ಗಾಳಿ ಒಳಗೆ ನುಗ್ಗುತ್ತದೆ.

ಇದರ ವಿರುದ್ಧ ದಿಕ್ಕಿನದು ಹೆಚ್ಚು ಅಪಾಯಕಾರಿ. ಬಿಸಿ ಮೆಷಿನ್‌ನಲ್ಲಿ ಪೆಟ್ರೋಲ್ ಆವಿಯಾಗಿ ಒತ್ತಡ ಕಟ್ಟಿಕೊಂಡಿದ್ದಾಗ ಮುಚ್ಚಳ ತೆರೆದರೆ ಪೆಟ್ರೋಲ್ ಮುಖದೆತ್ತರಕ್ಕೆ ಚಿಮ್ಮಬಹುದು. ಅಮೆರಿಕದಲ್ಲಿ ಕಾಡ್ಗಿಚ್ಚು ನಂದಿಸುವ ಸಿಬ್ಬಂದಿ ಇದನ್ನು 'ಫ್ಯೂಯಲ್ ಗೀಸರ್' ಎನ್ನುತ್ತಾರೆ. ಅದು ನಮ್ಮ ಬಚ್ಚಲಿನ ಗೀಸರ್ ಅಲ್ಲ, ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆ. ಅಲ್ಲಿ ಹೀಗೆ ಸುಟ್ಟ ಗಾಯಗಳಾಗಿವೆ. ಮೆಷಿನ್ ತಾನಾಗಿ ನಿಂತುಹೋದಾಗ ಪೆಟ್ರೋಲ್ ಮುಗಿದಿದೆ ಎಂದು ಊಹಿಸಿ ಕೂಡಲೇ ಮುಚ್ಚಳಕ್ಕೆ ಕೈ ಹಾಕುವುದೇ ಇಲ್ಲಿನ ಮುಖ್ಯ ತಪ್ಪು. ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ನಿಂತ ಕಾರಣ ಬೇರೆ, ಚಿಮ್ಮುವ ಅಪಾಯವೂ ಹೆಚ್ಚು. ಮೆಷಿನ್ ತಣಿಯಲಿ. ಆಮೇಲೆ ಮುಖವನ್ನು ದೂರವಿಟ್ಟು, ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ, ನಿಧಾನವಾಗಿ ತಿರುಗಿಸಿರಿ. ಹತ್ತಿರದಲ್ಲಿ ಬೀಡಿ ಹೊತ್ತಿಸುವವರಿದ್ದರೆ ದೂರ ಕಳುಹಿಸಿರಿ, ಏಕೆಂದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆಯೇ ಹರಿದು ಹೋಗುತ್ತದೆ. ತುಂಬಿಸಿದ ಜಾಗದಿಂದ ಕನಿಷ್ಠ 3 ಮೀಟರ್ ಆಚೆಗೆ ಹೋಗಿ ಮೆಷಿನ್ ಶುರುಮಾಡಿರಿ.

ಹೊಸ ಮುಚ್ಚಳ ಬೇಕೇ ಬೇಕಾಗುವುದು ಪ್ಲಾಸ್ಟಿಕ್ ಬಿರಿದಾಗ, ಕಿವಿ ಮುರಿದಾಗ, ಥ್ರೆಡ್ ತಿಂದುಹೋದಾಗ. ಆಗ ಹಳೆಯದನ್ನು ಅಂಗಡಿಗೆ ಕೊಂಡೊಯ್ದು, ಪಕ್ಕದಲ್ಲಿಟ್ಟು ಹೋಲಿಸಿಯೇ ಕೊಳ್ಳಿರಿ. ನೋಡಲು ಒಂದೇ ತರಹ ಇರುವ ಮುಚ್ಚಳಗಳ ಕಚ್ಚು ಬೇರೆ ಬೇರೆ ಇರುತ್ತದೆ. ಅದು ಸಿಗುವವರೆಗೆ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಬಟ್ಟೆ ತುರುಕಿ ಕೆಲಸ ಮುಂದುವರಿಸುವುದನ್ನು ನಾನು ತೋಟಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಆಯಿಲ್ ಟ್ಯಾಂಕಿನಲ್ಲಿ ಅದು ಬರೀ ಗಲೀಜು; ಪೆಟ್ರೋಲ್ ಟ್ಯಾಂಕಿನಲ್ಲಿ ಅದು ಬಿಸಿ ಸೈಲೆನ್ಸರಿನಿಂದ ಒಂದು ಗೇಣು ದೂರದಲ್ಲಿ ಬತ್ತಿ ಇಟ್ಟಂತೆ. ನನ್ನ ಜೀಪಿನ ಪಾನಗಳ ಡಬ್ಬಿಯಲ್ಲಿ ಈಗ ಎರಡೂ ಟ್ಯಾಂಕುಗಳಿಗೆ ಒಂದೊಂದು ಹೊಸ ಮುಚ್ಚಳ, ಹೊಟ್ಟು ತಾಗದಂತೆ ಕಾಗದದಲ್ಲಿ ಸುತ್ತಿ ಇಟ್ಟಿದೆ.