ಐಎಸ್‌ಒ ಮೇಲೆ ಗೂಬೆ ಕೂರಿಸಬೇಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಮಾಡೋಣ ಅಂತಲೇ ಮೈಕ್ ಮುಂದೆ ಕೂತಿದ್ದೇನೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹಕ್ಕಿ ಫೋಟೋ ತೆಗೆಯುವವರು ಈಗ ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಆದರೆ ಯಾರಾದರೂ ಗೂಬೆ ಫೋಟೋ ತೋರಿಸಿದರೆ ಸಾಕು, ಒಂದೇ ದೂರು: "ಗ್ರೇನ್ ಭಾಳ ಐತ್ರಿ, ಐಎಸ್‌ಒ ಏರಿಸೀರಿ." ಐಎಸ್‌ಒ ಅಂದರೆ ಕ್ಯಾಮೆರಾ ಸಿಕ್ಕ ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸಬೇಕು ಎನ್ನುವ ಅಂಕಿ; ಅದನ್ನು ಏರಿಸಿದಾಗ ಫೋಟೋದಲ್ಲಿ ಕಾಣುವ ಕಾಳುಕಾಳು ಚುಕ್ಕೆಯೇ ಗ್ರೇನ್. ನನ್ನ ವಾದ ಏನಂದರೆ, ಗೂಬೆಗೆ ನಿಜವಾಗಿ ತೊಂದರೆ ಕೊಡುತ್ತಿರುವುದು ಈ ಗ್ರೇನ್ ಭಯವೇ. ಫೋಟೋ ನುಣ್ಣಗೆ ಬರಲಿ ಅಂತ ಐಎಸ್‌ಒ 800 ದಾಟಲು ಬಿಡುವುದಿಲ್ಲ. ಬೆಳಕು ಸಾಲುವುದಿಲ್ಲ. ಆಗ ಜೇಬಿನಿಂದ ಟಾರ್ಚ್ ಹೊರಬರುತ್ತದೆ.

ಟಾರ್ಚ್ ಹಾಕಿ ತೆಗೆದ ಗೂಬೆ ಫೋಟೋ ನೋಡಿದರೆ ಗೊತ್ತಾಗುತ್ತದೆ. ಕಿತ್ತಳೆ ಕಣ್ಣಿನ ನಡುವೆ ಪಾಪೆ ಚಿಕ್ಕದಾಗಿ ಮುದುಡಿರುತ್ತದೆ. ಕತ್ತಲಲ್ಲಿ ಆ ಪಾಪೆ ಕಣ್ಣು ತುಂಬಾ ಅರಳಿರಬೇಕು. ಅಂದರೆ ನೀವು ತೆಗೆದದ್ದು ರಾತ್ರಿಯ ಗೂಬೆ ಅಲ್ಲ, ಬೆಳಕಿಗೆ ಕಣ್ಣು ಕುಗ್ಗಿಸಿಕೊಂಡ ಗೂಬೆ. ಅದರ ಕಣ್ಣು ಕೊಳವೆಯ ಆಕಾರದ್ದು, ನಮ್ಮ ಹಾಗೆ ಅತ್ತಿತ್ತ ಹೊರಳಿಸಲು ಬರುವುದಿಲ್ಲ. ಪಕ್ಕಕ್ಕೆ ನೋಡಬೇಕೆಂದರೆ ತಲೆಯನ್ನೇ ತಿರುಗಿಸಬೇಕು. ಅದಕ್ಕೇ ಕುತ್ತಿಗೆಯಲ್ಲಿ 14 ಮೂಳೆ, ನಮಗೆ ಬರೀ 7.

ಫ್ಲಾಶ್ ಹೊಡೆದರೆ ಗೂಬೆ ಕುರುಡಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅಷ್ಟು ದೂರ ನಾನು ಹೋಗುವುದಿಲ್ಲ, ಶಾಶ್ವತ ಹಾನಿಗೆ ಗಟ್ಟಿ ಪುರಾವೆ ಇಲ್ಲ. ನನ್ನ ತಕರಾರು ಚಿಕ್ಕದು. ಅದು ಬೇಟೆಗೆ ಕೂತಿದೆ. ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಇಲಿ ಬಿಲ ಸೇರಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಕುಡಿಯುವ ಕಾರಟಗಿ, ಸಿಂಧನೂರು ಗದ್ದೆಗಳಲ್ಲಿ ಆ ಇಲಿ ಯಾರ ಭತ್ತ ತಿನ್ನುತ್ತದೆ ಅಂತ ನಾನು ಹೇಳಬೇಕಾ?

ಸರಿ, ಟಾರ್ಚ್ ಬೇಡ ಅಂದರೆ ಏನು ಮಾಡಬೇಕು? ಇಲ್ಲಿ ಸ್ವಲ್ಪ ಲೆಕ್ಕ ಇದೆ, ಬೇಜಾರಾಗಬೇಡಿ.

ಎಲ್ಲರೂ ಹೆಗಲಿಗೆ ಹಾಕಿಕೊಂಡು ಹೋಗುವುದು 600 ಎಂಎಂವರೆಗಿನ ಝೂಮ್ ಲೆನ್ಸ್. ಪೂರ್ತಿ ಝೂಮ್ ಮಾಡಿದಾಗ ಅಂಥ ಹೆಚ್ಚಿನ ಲೆನ್ಸ್‌ಗಳು ಎಫ್ 6.3ಕ್ಕೆ ನಿಲ್ಲುತ್ತವೆ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ, ಬೆಳಕು ಜಾಸ್ತಿ. ಮನೆಯಲ್ಲಿ ಮದುವೆ, ನಾಮಕರಣಕ್ಕೆ ಅಂತ ತಂದಿಟ್ಟ 50 ಎಂಎಂ ಲೆನ್ಸ್ ಎಫ್ 1.8ರದ್ದು. ಅದು ಸುಮಾರು 12 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಝೂಮ್ ಲೆನ್ಸ್ ಐಎಸ್‌ಒ 12800 ಕೇಳುವ ಕತ್ತಲಲ್ಲಿ ಈ ಸಣ್ಣ ಲೆನ್ಸ್ ಹತ್ತಿರ ಹತ್ತಿರ 1000ಕ್ಕೆ ಕೆಲಸ ಮುಗಿಸುತ್ತದೆ.

"ಗೂಬೆ ಜೋಳದ ಕಾಳಿನಷ್ಟು ಕಾಣುತ್ತದಲ್ಲ?" ಅಂತ ಕೇಳುತ್ತೀರಿ. ಹೌದು, ಕಾಣಲಿ! ಗಂಗಾವತಿಯಿಂದ ಆನೆಗೊಂದಿ ಕಡೆ ಹೊರಟರೆ ಬಂಡೆ ಮೇಲೆ ಬಂಡೆ, ಯಾರೋ ಪೇರಿಸಿಟ್ಟು ಮರೆತಂತೆ. ತಲೆ ಮೇಲೆ ಕೊಂಬಿನಂಥ ಎರಡು ಗರಿಗುಚ್ಛ ಇರುವ ಕೊಂಬಿನ ಗೂಬೆಗೆ ಅದೇ ಮನೆ. ಅದರ ಮೈಬಣ್ಣವೇ ಆ ಬಂಡೆಗಳ ಸಂದಿಯಿಂದ ಬಂದಂತಿದೆ. ಬಂಡೆಯನ್ನು ಮಸುಕು ಮಾಡಿ ಮುಖ ಮಾತ್ರ ತೆಗೆದರೆ ಆ ಫೋಟೋ ಕೊಪ್ಪಳದ್ದೋ ರಾಜಸ್ಥಾನದ್ದೋ, ಹೇಗೆ ಗೊತ್ತಾಗಬೇಕು? ಮುಖದ ಫೋಟೋ ಆಧಾರ್ ಕಾರ್ಡಿಗೆ ಇರಲಿ.

ಕೊಂಬಿನ ಗೂಬೆಯಲ್ಲಿ ಇನ್ನೊಂದು ಅನುಕೂಲ ಇದೆ. ಸೂರ್ಯ ಮುಳುಗುತ್ತಿದ್ದ ಹಾಗೆ ಅದು ಎತ್ತರದ ಬಂಡೆಯ ತುದಿಗೆ ಬಂದು ಕೂರುತ್ತದೆ. ಅಲ್ಲಿಂದ ಗಂಭೀರ ದನಿಯಲ್ಲಿ ಕೂಗುತ್ತದೆ, ಎಷ್ಟೋ ಹೊತ್ತು ಅಲ್ಲಾಡುವುದಿಲ್ಲ. ಸೂರ್ಯ ಮುಳುಗಿದ ಮೇಲಿನ 20–25 ನಿಮಿಷ ನಿಮ್ಮ ಸಮಯ. ಹಿಂದಿನ ಆಕಾಶಕ್ಕೆ ಬೆಳಕು ಹೊಂದಿಸಿದರೆ ಎರಡು ಕೊಂಬು ಸ್ಪಷ್ಟವಾಗಿ ಬರುತ್ತವೆ. ಶಟರ್, ಅಂದರೆ ಬೆಳಕಿಗೆ ಬಾಗಿಲು ತೆರೆದಿಡುವ ಹೊತ್ತು, ಸೆಕೆಂಡಿನ 1/15ಕ್ಕೆ ಇಳಿಸಿದರೂ ನಡೆಯುತ್ತದೆ, ಒಂದೇ ಸಲಕ್ಕೆ ಹತ್ತು ಫ್ರೇಮ್ ಹೊಡೆಯಿರಿ, ತಲೆ ತಿರುಗಿಸದ ಒಂದಾದರೂ ಸಿಗುತ್ತದೆ. ಕಾರಿನ ಕಿಟಕಿ ಮೇಲೆ ಸಣ್ಣ ಅಕ್ಕಿ ಚೀಲ ಇಟ್ಟು ಅದರ ಮೇಲೆ ಕ್ಯಾಮೆರಾ ಇಡಿ. ಸೋನಾ ಮಸೂರಿ ಬೆಳೆಯುವ ಊರಲ್ಲಿ ಅಕ್ಕಿಗೇನು ಬರ? ಪೂರ್ತಿ ಕತ್ತಲಾದ ಮೇಲೆ ಮನೆಗೆ ಹೊರಡಿ. ಆ ಗುಡ್ಡಗಳಲ್ಲಿ ಕರಡಿ ಇದೆ, ಚಿರತೆ ಇದೆ. ಅವಕ್ಕೆ ನಿಮ್ಮ ಫೋಟೋ ಬೇಕಾಗಿಲ್ಲ.

ಗುಡ್ಡಕ್ಕೆ ಹೋಗಲಾಗದವರು ಬೀದಿ ದೀಪದ ಕೆಳಗೆ ನಿಲ್ಲಿ, ಸುಮ್ನೆ ಹೇಳುತ್ತಿಲ್ಲ. ದೀಪಕ್ಕೆ ಮುತ್ತುವ ಹುಳ ಹಿಡಿಯಲು ಹಾಲಕ್ಕಿ ಗೂಬೆ ತಾನಾಗಿಯೇ ಕಂಬದ ಹತ್ತಿರ ಬರುತ್ತದೆ. ಬೆಳಕು ಮೊದಲೇ ಅಲ್ಲಿದೆ, ನೀವು ಹೊಸದಾಗಿ ಏನೂ ಹಾಕಬೇಕಿಲ್ಲ. ಎಫ್ 1.8, ಶಟರ್ 1/100, ಐಎಸ್‌ಒ 3200 ಇಟ್ಟು ಶುರು ಮಾಡಿ. 1/100 ಯಾಕೆ ಅಂದರೆ, ನಮ್ಮ ಕರೆಂಟು 50 ಹರ್ಟ್ಸ್‌ನದು, ಅದಕ್ಕೆ ಹಾಕಿದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಿಲ್ಲದೆ ಫೋಟೋ ತೆಗೆಯುವ ಸೈಲೆಂಟ್ ಶಟರ್‌ನಲ್ಲಿ ಅದಕ್ಕಿಂತ ವೇಗ ಹೆಚ್ಚಿಸಿದರೆ ಫೋಟೋ ತುಂಬಾ ಪಟ್ಟೆ ಬರುತ್ತವೆ. ಮತ್ತೆ, ಫೋಕಸ್ ಮಾಡುವಾಗ ಕ್ಯಾಮೆರಾ ಮುಂದೆ ಹೊತ್ತಿಕೊಳ್ಳುವ ಪುಟ್ಟ ದೀಪ ಇದೆಯಲ್ಲ, ಮೆನುವಿಗೆ ಹೋಗಿ ಅದನ್ನು ಆರಿಸಿ. ಟಾರ್ಚ್ ಬೇಡ ಎನ್ನುವವರೂ ಅದನ್ನು ಮರೆತಿರುತ್ತಾರೆ.

ಗ್ರೇನ್ ವಿಷಯಕ್ಕೆ ವಾಪಸ್ ಬರುತ್ತೇನೆ. ಐಎಸ್‌ಒ 1600ರಲ್ಲಿ ಕಪ್ಪಗೆ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಬೆಳಕು ಎತ್ತಿದರೆ ಹಲವು ಕ್ಯಾಮೆರಾಗಳಲ್ಲಿ ನೆರಳಿನ ಭಾಗವೆಲ್ಲ ಕೆದರಿಹೋಗುತ್ತದೆ. 6400ರಲ್ಲಿ ಬೆಳಕು ಸರಿಯಾಗಿ ಬಿದ್ದ ಫೋಟೋ ಅದಕ್ಕಿಂತ ಚೆನ್ನಾಗಿರುತ್ತದೆ. ಕತ್ತಲಲ್ಲಿ ಕ್ಯಾಮೆರಾದ ಹಿಂದಿನ ಪರದೆ ನಂಬಬೇಡಿ, ಕಪ್ಪು ಫೋಟೋ ಕೂಡ ಅಲ್ಲಿ ಫಳಫಳ ಹೊಳೆಯುತ್ತದೆ. ಫೋಟೋದಲ್ಲಿ ಕಪ್ಪೆಷ್ಟು, ಬೆಳಕೆಷ್ಟು ಅಂತ ತೋರಿಸುವ ಹಿಸ್ಟೋಗ್ರಾಂ ನಕ್ಷೆ ನೋಡಿ. ಗ್ರೇನ್ ಅಳಿಸುವ ಎಐ ಸಾಫ್ಟ್‌ವೇರ್ ಬಳಸಿ, ಬೇಡ ಅನ್ನಲ್ಲ, ಆದರೆ ಅರ್ಧಕ್ಕೆ ನಿಲ್ಲಿಸಿ. ಪೂರ್ತಿ ಎಳೆದರೆ ಗರಿಯೆಲ್ಲ ಮೇಣ ಮೆತ್ತಿದ ಹಾಗೆ ಕಾಣುತ್ತದೆ. ಸ್ಪರ್ಧೆಗಳಲ್ಲಿ ತೀರ್ಪು ಕೊಡುವವರಿಗೂ ಒಂದು ಮಾತು: ರಾತ್ರಿ ಫೋಟೋದಲ್ಲಿ ರಾತ್ರಿ ಕಂಡರೆ ಅಂಕ ಕಡಿಮೆ ಮಾಡಬೇಡಿ. ನಿಮ್ಮ ಅಂಕ ನೋಡಿಯೇ ಹುಡುಗರು ಟಾರ್ಚ್ ಕೊಳ್ಳುತ್ತಿದ್ದಾರೆ.

ಗೂಡಿನ ಹತ್ತಿರ ಹೋಗಲೇಬೇಡಿ. ಕೊಂಬಿನ ಗೂಬೆ ಗೂಡು ಕಟ್ಟುವುದಿಲ್ಲ, ಬಂಡೆಯ ಅಂಚಿನ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಬೇಸಿಗೆ ಹಗಲಲ್ಲಿ ತಾಯಿಯನ್ನು ಎಬ್ಬಿಸಿದರೆ ನಮ್ಮ ಕಡೆಯ ಬಿಸಿಲಿಗೆ ಆ ಮೊಟ್ಟೆ ಏನಾಗುತ್ತದೆ, ಯೋಚಿಸಿ.

ಕೊನೆಗೆ ಒಂದು ಕೋರಿಕೆ. ನನಗೆ ಫೋಟೋ ಕಳಿಸುವವರು ಲೊಕೇಶನ್ ಅಳಿಸಿ ಕಳಿಸಿ. ಫೋನಿನಲ್ಲಿ ತೆಗೆದದ್ದಾದರೆ ಫೈಲ್ ಒಳಗೆ ಜಿಪಿಎಸ್ ಅಂಕಿ ಕೂತಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗೂಬೆ ಹಿಡಿಯುವುದು, ಮಾರುವುದು ಅಪರಾಧ. ಆದರೂ ದೀಪಾವಳಿ ಬಂದರೆ ಮಾಟ ಮಂತ್ರಕ್ಕೆ ಅಂತ ಗೂಬೆ ಹುಡುಕುವವರು ಇದ್ದೇ ಇದ್ದಾರೆ. ಹಾಗಾಗಿ ಯಾವ ಗುಡ್ಡ, ಯಾವ ಹೊಲ, ಯಾವ ಕಂಬ ಅಂತ ನನಗೂ ಹೇಳಬೇಡಿ. ಕೊಪ್ಪಳ ಜಿಲ್ಲೆ ಅಂತ ಬರೆದರೆ ಸಾಕು.