ಸಿಗ್ನಲ್ ಹೋದದ್ದು ಮಳೆಗಲ್ಲ

ಮಳೆಯ ಸದ್ದು ನಿಮಗೂ ಕೇಳಿಸುತ್ತಿರಬಹುದು. ಆರಿದ್ರಾ ಮಳೆ ಹಿಡಿದು ಇಂದಿಗೆ ಮೂರು ದಿನ. ಇದು ತೀರ್ಥಹಳ್ಳಿಯಿಂದ ಒಳಗಿರುವ ನಮ್ಮ ಮನೆಯ ಜಗಲಿ. ಇದು ನನ್ನ ಹಳೆಯ ಲ್ಯಾಪ್‌ಟಾಪ್. ಕಳೆದ ವಾರ ನೋಡಿದರೆ ಇದರ ವೈಫೈ ನಿಂತುಹೋಗಿತ್ತು. ಮೊಬೈಲ್‌ನ ಸಣ್ಣ ಅಕ್ಷರ ಅಪ್ಪಯ್ಯನ ಕಣ್ಣಿಗೆ ಆಗುವುದಿಲ್ಲ. ಎಂದಿನಂತೆ ಬಂದು, "ಶಿವಮೊಗ್ಗದಲ್ಲಿ ಇವತ್ತು ರಾಶಿ ಅಡಿಕೆ ಧಾರಣೆ ಎಷ್ಟಿದೆ, ನೋಡಮ್ಮ" ಎಂದಾಗ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಮಳೆಗೆ ಸಿಗ್ನಲ್ ಹೋಗಿರಬೇಕು ಎಂದರು ಅವರು. ಕಾರ್ಡ್ ಸುಟ್ಟಿದೆ, ಹೊಸದು ಹಾಕಿಸಿ ಎಂದರು ಪೇಟೆಯ ರಿಪೇರಿ ಅಂಗಡಿಯವರು.

ಕಾರ್ಡ್ ಸುಟ್ಟಿರಲಿಲ್ಲ. ಯಂತ್ರಕ್ಕೆ ಕಂಡ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟರೆ ಇಂಟೆಲ್ 7260 ಎಂಬ ಹೆಸರು ಸ್ಪಷ್ಟವಾಗಿ ಬರುತ್ತಿತ್ತು. ಯಂತ್ರಕ್ಕೆ ಕಾರ್ಡ್ ಕಂಡಿದೆ, ಅದನ್ನು ನಡೆಸುವ ಡ್ರೈವರ್ ಮಾತ್ರ ಅದಕ್ಕೆ ಅಂಟಿಲ್ಲ. ಈ ಎರಡು ಬೇರೆ ಬೇರೆ ಸಂಗತಿಗಳು. ಇದನ್ನು ನೋಡದೆ ಎಷ್ಟು ಒಳ್ಳೆಯ ಕಾರ್ಡ್‌ಗಳನ್ನು ಜನ ಎಸೆದಿದ್ದಾರೋ ಎಂದು ನೆನೆದರೆ ಸಂಕಟವಾಗುತ್ತದೆ.

ಕಾರಣ ಹಿಂದಿನ ತಿಂಗಳಿನದು. ಆಗ ನಾನೇ ಲಿನಕ್ಸ್ ಕರ್ನಲ್, ಅಂದರೆ ಯಂತ್ರದ ಭಾಗಗಳನ್ನೆಲ್ಲ ನಡೆಸುವ ತಿರುಳು ತಂತ್ರಾಂಶ, ಕಟ್ಟಿದ್ದೆ. ಬಹುತೇಕ ಡ್ರೈವರ್‌ಗಳಿಗೆ ಅಲ್ಲಿ ಒಂದು ಆಯ್ಕೆ ಇರುತ್ತದೆ: 'ವೈ' ಒತ್ತಿದರೆ ಅದು ಕರ್ನಲ್‌ನ ಒಳಗೇ ಬೆಸೆದುಕೊಳ್ಳುತ್ತದೆ, 'ಎಂ' ಒತ್ತಿದರೆ ಪ್ರತ್ಯೇಕ ಮಾಡ್ಯೂಲ್ ಆಗಿ ಡಿಸ್ಕ್‌ನಲ್ಲಿ ಉಳಿದು, ಬೇಕಾದಾಗ ಬಂದು ಸೇರುತ್ತದೆ. ಮೊದಲ ಸಲ ನಾನು ಡಿಸ್ಕ್‌ನ ಡ್ರೈವರನ್ನೂ ಮಾಡ್ಯೂಲ್ ಮಾಡಿದ್ದೆ, ಡಿಸ್ಕ್ ತೆರೆಯುವ ಮೊದಲೇ ಬೇಕಾದ ಡ್ರೈವರ್‌ಗಳನ್ನು ಮೆಮೊರಿಗೆ ತರುವ ಇನಿಟ್‌ರಾಮ್‌ಎಫ್‌ಎಸ್ ಇಟ್ಟಿರಲಿಲ್ಲ. ಡಿಸ್ಕ್ ತೆರೆಯಲು ಡ್ರೈವರ್ ಬೇಕು, ಡ್ರೈವರ್ ಇರುವುದೋ ಡಿಸ್ಕ್‌ನಲ್ಲೇ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ಕರ್ನಲ್ ಪ್ಯಾನಿಕ್, ಅಂದರೆ ಮುಂದೆ ಹೋಗಲಾರೆ ಎಂಬ ದೋಷ, ಬಂದು ಪರದೆ ನಿಂತಿತು.

ಅದರಿಂದ ಹೆದರಿ ಮುಂದಿನ ಸಲ ಎಲ್ಲದಕ್ಕೂ 'ವೈ' ಒತ್ತಿದೆ. ಒಳಗೇ ಇದ್ದರೆ ಗಟ್ಟಿ ಎಂದುಕೊಂಡೆ. ಮನೆಯಲ್ಲಿ ಆಗ ಕೇಬಲ್ ಹಾಕಿ ಬಳಸುತ್ತಿದ್ದುದರಿಂದ ವೈಫೈ ಹೋದದ್ದು ಗೊತ್ತೇ ಆಗಲಿಲ್ಲ.

ಈಗ ಈ ಲಾಗ್ ನೋಡಿ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನದು. 1.2ನೇ ಸೆಕೆಂಡಿನಲ್ಲಿ ವೈಫೈ ಡ್ರೈವರ್ ಎದ್ದು ತನ್ನ ಫರ್ಮ್‌ವೇರ್ ಕಡತ, ಅಂದರೆ ಕಾರ್ಡ್‌ನ ಒಳಗೆ ಓಡಬೇಕಾದ ತಂತ್ರಾಂಶ, ಕೇಳುತ್ತಿದೆ. ಸಿಕ್ಕ ಉತ್ತರ ಮೈನಸ್ 2, ಅಂದರೆ ಅಂಥ ಕಡತವೇ ಇಲ್ಲ. ಕೆಳಗಿನ ಸಾಲಿಗೆ ಬನ್ನಿ: 2.0ನೇ ಸೆಕೆಂಡಿನಲ್ಲಿ ರೂಟ್ ಫೈಲ್ ಸಿಸ್ಟಮ್ ಮೌಂಟ್ ಆಗಿದೆ, ಅಂದರೆ ಡಿಸ್ಕ್ ತೆರೆದಿದೆ. ಕಡತ ಇದ್ದದ್ದು ಅಲ್ಲೇ, ಲಿಬ್ ಡೈರೆಕ್ಟರಿಯ ಫರ್ಮ್‌ವೇರ್ ಫೋಲ್ಡರ್‌ನಲ್ಲಿ. ಡ್ರೈವರ್ 0.8 ಸೆಕೆಂಡ್ ಮೊದಲೇ ಬಂದು, ಬಾಗಿಲು ತಟ್ಟಿ, ಹಿಂತಿರುಗಿಬಿಟ್ಟಿದೆ! ಎರಡು ರಾತ್ರಿ ಹುಡುಕಿದ್ದಕ್ಕೆ ಉತ್ತರ ಈ ಎರಡು ಸಾಲುಗಳ ನಡುವೆ ಕುಳಿತಿತ್ತು.

ಫರ್ಮ್‌ವೇರನ್ನೂ ಕರ್ನಲ್ ಒಳಗೇ ಸೇರಿಸಬಹುದು, ಅದಕ್ಕೂ ದಾರಿಯಿದೆ. ನಾನು ಡಿಸ್ಕ್ ಮತ್ತು ಅದರ ಕಡತಗಳನ್ನು ಓದಿಸುವ ಎಕ್ಸ್ಟ್4 ಡ್ರೈವರ್‌ಗಳನ್ನು ಒಳಗೇ ಬಿಟ್ಟು, ವೈಫೈಯನ್ನು ಮಾತ್ರ 'ಎಂ' ಮಾಡಿ ಮತ್ತೆ ಕಟ್ಟಿದೆ. ಕಾರ್ಡ್ ತನ್ನ ಗುರುತಿನ ಸಂಖ್ಯೆ ಹೇಳುತ್ತದೆ, ತಯಾರಕರ ಸಂಖ್ಯೆ 8086. ಸಾಧನಗಳನ್ನು ನೋಡಿಕೊಳ್ಳುವ ಯುಡೆವ್ ಎಂಬ ಪ್ರೋಗ್ರಾಂ ಅದನ್ನು ಮಾಡ್ಯೂಲ್‌ಗಳ ಪಟ್ಟಿಯಲ್ಲಿ ಹುಡುಕಿ ಸರಿಯಾದುದನ್ನು ಕರೆತರುತ್ತದೆ. ಅಷ್ಟು ಹೊತ್ತಿಗೆ ಡಿಸ್ಕ್ ತೆರೆದಿರುತ್ತದೆ.

ಸಂಜೆ ವೈಫೈ ಬಂತು. ಅಪ್ಪಯ್ಯ ಕನ್ನಡಕ ಏರಿಸಿಕೊಂಡು ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಒಂದೊಂದೇ ಸಾಲಿಗೆ ಬೆರಳಿಟ್ಟು ಧಾರಣೆ ಓದಿದರು.