ಜುನಿಪರ್ ಕುಂಡದಲ್ಲಿ ನೀರು ನಿಲ್ಲಬಾರದು

ಕೇಳುಗರಿಗೆ ನಮಸ್ಕಾರ. ಸೂಜಿಯಂಥ, ಹುರುಪೆಯಂಥ ಎಲೆಯ ಜುನಿಪರ್ ಮರವನ್ನು ಬೋನ್ಸಾಯ್ ಮಾಡಿ, ಅಂದರೆ ಆಳವಿಲ್ಲದ ಕುಂಡದಲ್ಲಿ ಕುಳ್ಳಗೆ ಬೆಳೆಸಿ, ಮಾಳಿಗೆಯ ಮೇಲೆ ಇಟ್ಟುಕೊಂಡವರು ನಮ್ಮ ಕಲಬುರಗಿಯಲ್ಲೂ ಇದ್ದಾರೆ. ಸಿಕ್ಕಾಗಲೆಲ್ಲ ಅವರು ಕೇಳುವುದು, ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು ಎಂದು. ನಾನು ತಿರುಗಿ ಕೇಳುವುದು, ಹಾಕಿದ ನೀರು ಕೆಳಗೆ ಇಳಿಯುತ್ತದೆಯೇ? ಮೊದಲು ಅದನ್ನು ಹೇಳಿ.

ನನಗೆ ಪರಿಚಯದ ನಿವೃತ್ತ ಮಾಸ್ತರರೊಬ್ಬರು ನರ್ಸರಿಯಿಂದ ಜುನಿಪರ್ ತಂದು, ಹೊಲದ ಕಪ್ಪು ಎರೆ ಮಣ್ಣನ್ನು ಕುಂಡಕ್ಕೆ ತುಂಬಿ ಅದರಲ್ಲಿ ನೆಟ್ಟರು. ತೊಗರಿ ಬೆಳೆಯುವ ಮಣ್ಣಿನಲ್ಲಿ ಇದೇಕೆ ಬೆಳೆಯದು ಎಂಬುದು ಅವರ ವಾದ. ಬೆಳಿಗ್ಗೆ ಒಂದು ತಂಬಿಗೆ ನೀರು, ಸಂಜೆ ಒಂದು ತಂಬಿಗೆ. ಗಿಡ ಕಂದತೊಡಗಿತು. ಬಿಸಿಲಿನ ಕಾಟವೆಂದು ಮಧ್ಯಾಹ್ನವೂ ಒಂದು ತಂಬಿಗೆ ಸೇರಿತು! ನಾನು ಹೋದಾಗ ಮೇಲ್ಮಣ್ಣು ಬಿರುಕು ಬಿಟ್ಟಿತ್ತು. “ನೋಡಿ ಸರ್, ಎಷ್ಟು ಹಾಕಿದರೂ ಸಾಲದು” ಎಂದರು. ಗಿಡವನ್ನು ಕುಂಡದಿಂದ ಎತ್ತಿಸಿದೆ. ತಳದಲ್ಲಿ ಎರಡು ಬೆರಳು ಕೆಸರು, ಮೋರಿಯ ವಾಸನೆ. ಬೇರನ್ನು ಹಿಡಿದು ಎಳೆದರೆ ಕಪ್ಪು ಸಿಪ್ಪೆ ಕೈಗೆ ಬಂತು, ದಾರದಂಥ ನಾರು ಅಲ್ಲೇ ಉಳಿಯಿತು. ಮಾಸ್ತರರು ಇನ್ನೂ ಹಸಿರಾಗಿದ್ದ ಎರಡು ರೆಂಬೆಗಳನ್ನು ತೋರಿಸಿದರು. ಜುನಿಪರ್ ಮೋಸ ಮಾಡುವುದೇ ಅಲ್ಲಿ. ಬೇರು ಸತ್ತು ವಾರಗಳಾದರೂ ಮೇಲೆ ಹಸಿರು ಇರುತ್ತದೆ. ಆ ಗಿಡ ಉಳಿಯಲಿಲ್ಲ.

ಎರೆ ಮಣ್ಣನ್ನು ನಾನು ಹಳಿಯುತ್ತಿಲ್ಲ, ಹೊಲದಲ್ಲಿ ಅದು ಬಂಗಾರ. ಆದರೆ ಅದರ ಕಣ ಬಹಳ ಸಣ್ಣದು, ನೀರನ್ನು ಹಿಡಿದರೆ ಬಿಡುವುದಿಲ್ಲ. ಬೋನ್ಸಾಯ್ ತಟ್ಟೆಯ ಆಳವೋ ನಾಲ್ಕು ಬೆರಳು. ಬೇರಿಗೆ ಗಾಳಿ ಎಲ್ಲಿಂದ ಬರಬೇಕು? ಕುಂಡಕ್ಕೆ ಆ ಮಣ್ಣಿನ ಬದಲು ಇಟ್ಟಿಗೆ ಚೂರು, ದಪ್ಪ ಮರಳು ತನ್ನಿ. ತೊಗರಿ ಕಾಳಿನ ಗಾತ್ರ ಸಾಕು. ಜರಡಿ ಹಿಡಿದು ಧೂಳನ್ನು ಚೆಲ್ಲಿ. ಒಂದು ಹಿಡಿ ಮಾಗಿದ ಗೊಬ್ಬರ ಬೆರೆಸಿ. ತಳದಲ್ಲಿ ಮಾತ್ರ ಜಲ್ಲಿ ಹಾಸಿ ಮೇಲೆ ಅದೇ ಮಣ್ಣು ತುಂಬಿದರೆ ಪ್ರಯೋಜನವಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಜನ ಬಿಡುವುದಿಲ್ಲ. ಇಡೀ ಕುಂಡದಲ್ಲಿ ನೀರು ಇಳಿಯಬೇಕು.

ವೇಳೆ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕುಂಡ ಬದಲಿಸಲು ಜನವರಿ ಕೊನೆ, ಫೆಬ್ರುವರಿ ಸರಿ. ಮೇ ತಿಂಗಳಲ್ಲಿ ಬೇರು ಮುಟ್ಟಲೇಬೇಡಿ. ಬದಲಿಸುವ ಕಾಲ ಬರುವವರೆಗೆ ಕುಂಡದ ಒಂದು ಬದಿಗೆ ಕಲ್ಲು ಕೊಟ್ಟು ಓರೆಯಾಗಿಡಿ, ನಿಂತ ನೀರು ಹರಿದು ಹೋಗುತ್ತದೆ. ಬದಲಿಸುವಾಗ ಬೇರನ್ನು ತೊಳೆದು ಬೋಳು ಮಾಡಬೇಡಿ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬೇಡಿ. ಗಿಡ ಅಲುಗಾಡದಂತೆ ತಂತಿಯಿಂದ ಕಟ್ಟಿ. ಎರಡು ಮೂರು ವಾರ ನೆರಳಿನಲ್ಲಿಡಿ, ಆದರೆ ಮನೆಯೊಳಗಲ್ಲ. ಕಾದ ಶಹಾಬಾದ್ ಕಲ್ಲಿನ ಮೇಲೆ ಕುಂಡ ಇಡಬೇಡಿ, ಬೇರು ಬೇಯುತ್ತದೆ.

ಇನ್ನು ನೀರು. ಗಡಿಯಾರ ನೋಡಿ ಹಾಕಬೇಡಿ, ಬೆರಳು ಚುಚ್ಚಿ ನೋಡಿ. ಒಳಗೆ ತೇವವಿದ್ದರೆ ಬೇಡ. ಒಣಗುತ್ತಾ ಬಂದಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ. ಹರಿಯದಿದ್ದರೆ ತಂಬಿಗೆ ಕೆಳಗಿಟ್ಟು ತೂತು ಕಟ್ಟಿದೆಯೇ ನೋಡಿ. ಕುಂಡ ಬದಲಿಸಿದ ಮೇಲೆ, ಮಿಶ್ರಣದಲ್ಲಿ ಬೆರೆಸಿದ್ದನ್ನು ಬಿಟ್ಟು, ಬೇರೆ ಗೊಬ್ಬರ ಒಂದು ತಿಂಗಳು ಬೇಡ. ನಮಸ್ಕಾರ.